ಐದು ಚುಕ್ಕೆ

"ನೋಡು, ಐದೇ ತೂತು. ನೀನು ಹೊಲಿಯೋ ಅಂಗಿ ಗುಂಡಿಗಿಂತ ಚಿಕ್ಕವು. ಕೆಳಗೊಂದು ಗೀರು, ಅದೂ ಯಾರಿಗೂ ಕಾಣ್ಸಲ್ಲ," ಎಂದು ಅತ್ತಿಗೆ, ಹೊಟ್ಟೆಯ ಮೇಲೆ ಐದು ಚುಕ್ಕೆಯಿಟ್ಟು ಡಾಕ್ಟರಮ್ಮ ಬರೆದ ಚಿತ್ರವನ್ನು ನಾದಿನಿಯ ಮಡಿಲಿಗಿಟ್ಟಳು. ಅಣ್ಣನಿಗೆ ಲಿವರಿನ ತುಂಡು ಕೊಡಲು ದೊಡ್ಡ ಗಾಯದ ಭಯವೆಂದು ನಾದಿನಿ ಹೇಳುತ್ತ ಬಂದಿದ್ದಳು. ಸಣ್ಣ ತೂತುಗಳಲ್ಲೇ ಆಪರೇಷನ್ ಮಾಡುವ ರೋಬೋಟ್ ಬಂದು ಆ ನೆಪವೂ ಹೋಯಿತು.

ಡಾಕ್ಟರಮ್ಮ ಅತ್ತಿಗೆಯನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. "ಮನಸ್ಸಿಲ್ಲದಿದ್ರೆ ನನಗೊಬ್ಬಳಿಗೇ ಹೇಳಿ. ನಿಮ್ಮ ಲಿವರ್ ಹೊಂದಲ್ಲ ಅಂತ ನಾನೇ ಹೇಳ್ತೀನಿ. ಯಾರಿಗೂ ಗೊತ್ತಾಗಲ್ಲ."

ಅವಳಿಗೆ ಹೋದ ಜೀವ ಬಂದಂತಾಯಿತು. ಮನಸ್ಸಿಲ್ಲವೆಂದು ಹೇಳಲು ಬಾಯಿ ತೆರೆದಳು.

ಬಾಗಿಲಾಚೆ ಅಣ್ಣನ ಸೋತ ದನಿ ಹೆಂಡತಿಯನ್ನು ಗದರುತ್ತಿತ್ತು: "ಸುಮ್ನಿರೇ! ಕೊಡದಿದ್ರೂ ಅವಳು ನನ್ನ ತಂಗಿನೇ. ಮೊದಲೇ ಪುಕ್ಕಲಿ, ಪಾಪ."

ಐದೂ ಚುಕ್ಕೆಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅವಳು, "ಸಹಿ ಎಲ್ಲಿ ಹಾಕ್ಬೇಕು?" ಎಂದಳು.