ಮಂಗಳವಾರದ ಹೊಗೆ

ಮುಂಬಾಗಿಲಿಗೆ ಬೀಗ. ಹಿತ್ತಲಲ್ಲಿ ಹೊಗೆ. ಅಂಜಿನಪ್ಪನಿಗೆ ಅಷ್ಟೇ ಸಾಕಾಯಿತು. ಬಸ್ಸಿಳಿದವನೇ ಹೋಟೆಲಿನ ಪಕ್ಕದ ಸಂದಿಗೆ ನುಗ್ಗಿದ.

ಅದು ಎಪ್ಪತ್ತೆಂಟನೇ ಇಸವಿ. ಅಂಜಿನಪ್ಪ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್, ಚನ್ನಗಿರಿ ತಾಲ್ಲೂಕಿಗೆ ಹೊಸಬ. ಅಂಗಡಿ, ಹೋಟೆಲುಗಳು ವಾರಕ್ಕೊಂದು ದಿನ ಬಾಗಿಲು ಮುಚ್ಚಬೇಕು, ಕೆಲಸದವರಿಗೆ ರಜೆ ಕೊಡಬೇಕು ಅನ್ನೋದು ಕಾನೂನು. ಸಂತೇಬೆನ್ನೂರಿನ ಮುರುಗೇಶಪ್ಪನ ಹೋಟ್ಲಲ್ಲಿ ಮಂಗಳವಾರ ಹೊರಗೆ ಬೀಗ ಜಡಿದು ಒಳಗೆ ಆಳುಗಳನ್ನು ದುಡಿಸುತ್ತಾರೆ ಎಂದು ಯಾರೋ ಚಾಡಿ ಹೇಳಿದ್ದರು. "ದೊಡ್ಡ ಜನ, ಅವರ ತಂಟೆ ಬೇಡ ಕಣಯ್ಯ" ಎಂದಿದ್ದರು ಸಾಹೇಬರು. ಬೇಡ ಎಂದರೆ ಬಿಡುವ ಆಸಾಮಿಯೇ ಇವನು? ಇವನ ತಾಯಿ ಉಚ್ಚಂಗೆಮ್ಮ ಜಗಳೂರಿನ ಹೋಟೆಲೊಂದರ ಹಿತ್ತಲಲ್ಲಿ ರಜೆಯ ಮುಖ ಕಾಣದೆ ಪಾತ್ರೆ ತಿಕ್ಕಿ ತಿಕ್ಕಿಯೇ ಸತ್ತವಳು. ಆ ಸಿಟ್ಟು ಇನ್ನೂ ಆರಿರಲಿಲ್ಲ.

ಇಲ್ಲಿ ಕಂಡದ್ದೂ ಅದೇ. ಅರವತ್ತು ದಾಟಿದ ಹೆಂಗಸೊಬ್ಬಳು ಸೀರೆ ಎತ್ತಿ ಕಟ್ಟಿ, ಬೂದಿ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಿದ್ದಳು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಉಗ್ರಾಣದ ಕಾವಲನ್ನೂ ಈ ಮುದುಕಿಯ ತಲೆಗೇ ಕಟ್ಟಿದ್ದಾರಲ್ಲ ಎಂದುಕೊಂಡ.

"ಏನವ್ವಾ, ಇವತ್ತು ರಜೆ ಇಲ್ವಾ?"

"ನಂಗ್ಯಾವನು ಕೊಡ್ತಾನೆ ರಜೆ?" ಆಕೆ ತಲೆ ಎತ್ತದೆ ಹಂಡೆಯನ್ನು ದಢಾರನೆ ಮಗುಚಿದಳು.

"ನಾನು ಕೊಡಿಸ್ತೀನಿ."

"ಅಯ್ಯೋ, ಕೊಡ್ಸಪ್ಪ! ನಿನ್ ಹೊಟ್ಟೆ ತಣ್ಣಗಿರ್ಲಿ."

ಒಳಗಿನಿಂದ ಗಂಡು ದನಿ ಕೂಗಿತು: "ಅಮ್ಮಾರೇ, ದೋಸೆ ಸೀದೈತೆ! ಇನ್ನೊಂದು ಹುಯ್ರಿ, ಹಂಗೇ ಚಟ್ನೀನೂ ತರ್ರಿ!"

ದುಡಿಸುವುದಲ್ಲದೆ 'ಅಮ್ಮಾರೇ' ಅಂತ ಗೇಲಿ ಬೇರೆ! ಆಕೆ ಗೊಣಗುತ್ತ ಏಳುವಷ್ಟರಲ್ಲಿ ಅಂಜಿನಪ್ಪ ಒಳಗಿದ್ದ.

ಗಲ್ಲಾದ ಕುರ್ಚಿಯಲ್ಲಿ ಇಸ್ತ್ರಿ ಅಂಗಿಯ ಗಂಡಸೊಬ್ಬ ಕಾಲು ಮಡಚಿ ಕೂತಿದ್ದ. ಅವನ ತಲೆಯ ಮೇಲೆ ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಬೆಂಚುಗಳ ಮೇಲೆ ಹೆಂಗಸರು, ಮಕ್ಕಳು, ಇನ್ನಿಬ್ಬರು ಗಂಡಸರು ಬೀಗರಂತೆ ಕೂತು ತಿನ್ನುತ್ತಿದ್ದರು.

"ಆ ಹಿತ್ತಲಲ್ಲಿರೋರು ಎಷ್ಟು ವರ್ಷದಿಂದ ಇಲ್ಲಿ ದುಡೀತಿದಾರೆ?"

"ಹೋಟ್ಲು ಶುರುವಾದಾಗ್ನಿಂದ್ಲೂ ಸ್ವಾಮಿ."

"ರಜೆ?"

"ಒಂದಿನಾನೂ ತಗಂಡಿಲ್ಲ" ಎಂದು ಆತ ಬೆರಳು ನೆಕ್ಕಿದ. ನೀರಲ್ಲಿ ನೆನೆದು ನೆನೆದು ಬಿಳಿಚಿದ ಬೆರಳುಗಳು.

"ನಾಚಿಕೆ ಆಗಲ್ವೇನ್ರೀ? ತಿಂದ ತಟ್ಟೆನಾದ್ರೂ ನೀವೇ ಎತ್ತಬಾರದಾ?"

"ಎತ್ತಂಗಿಲ್ಲ ಸ್ವಾಮಿ. ಮಂಗಳವಾರ ನಾವು ಒಂದು ಲೋಟಾನೂ ತೊಳೆಯಂಗಿಲ್ಲ. ಕಾನೂನು!" ಬೆಂಚಿನವರೆಲ್ಲ ಕಿಸಕ್ಕನೆ ನಕ್ಕರು.

ಕಾನೂನನ್ನೇ ಆಡಿಕೊಳ್ಳುತ್ತಾನಲ್ಲ, ಬಡ್ಡಿಮಗ! ಅಂಜಿನಪ್ಪನ ಕಿವಿ ಬಿಸಿಯಾಯಿತು. ಬೀದರಿಗೆ ಬೇಕಾದರೂ ಎತ್ತಂಗಡಿ ಮಾಡಿಸಲಿ, ಇವತ್ತು ಈ ಹೋಟೆಲಿನ ಮೇಲೆ ಕೇಸು ಹಾಕದೆ ಹೋದರೆ ತಾನು ಉಚ್ಚಂಗೆಮ್ಮನ ಮಗನೇ ಅಲ್ಲ. ಚೀಲದಿಂದ ನೋಟೀಸು ತೆಗೆದು ಗಲ್ಲಾದ ಮೇಲೆ ಬಡಿದ, ಪೆನ್ನು ಮುಂದೆ ಹಿಡಿದ.

"ಸಹಿ ಹಾಕ್ರಿ, ಮುರುಗೇಶಪ್ಪನೋರೇ!"

ಎಲ್ಲರೂ ಒಬ್ಬೊಬ್ಬರಾಗಿ ತಲೆ ಎತ್ತಿ ಗೋಡೆಯ ಫೋಟೋ ನೋಡಿದರು.

ಹಿಂದಿನಿಂದ ಬೂದಿ ಮೆತ್ತಿದ ಒದ್ದೆ ಕೈಯೊಂದು ಬಂದು ಪೆನ್ನು ಕಸಿದುಕೊಂಡಿತು. "ಸತ್ತ ನನ್ ಗಂಡನ್ನ ಯಾಕಪ್ಪ ಎಬ್ಬಿಸ್ತೀಯ? ಹೋಟ್ಲು ನಂದು, ಕೇಸು ನನ್ ಮೇಲೆ ಹಾಕು. ಇವನು ಪಾತ್ರೆ ತೊಳೆಯೋ ಚಿಕ್ಕಹನುಮಂತಪ್ಪ, ಬೆಂಚ್ ಮೇಲಿರೋರೂ ನಮ್ ಕೆಲಸದೋರು, ಅವರ ಹೆಂಡ್ರು ಮಕ್ಕಳು. ನಿನ್ ಕಾನೂನು ಕೆಲಸದೋರಿಗೆ ರಜೆ ಕೊಡ್ತು, ಸರಿ. ದಿನಾ ಇಲ್ಲೇ ಉಣ್ಣೋ ಇವರ ಹೊಟ್ಟೆಗೂ ರಜೆ ಕೊಡ್ತೇನು?"