ಬೂಂದಿಯ ಬಟ್ಟಲು

ಸಾಕಿದ ನಾಯಿ ಸತ್ತರೆ ಮೂರನೆಯ ದಿನ ಮರೆವಿನ ಕೇಂದ್ರಕ್ಕೆ ಹೋಗುವುದು ಧಾರವಾಡದಲ್ಲಿ ಈಗ ರೂಢಿ. ಒಂದು ಸೂಜಿ ಚುಚ್ಚಿಸಿಕೊಂಡರೆ ನಾಯಿಯ ನೆನಪೂ ದುಃಖವೂ ಒಟ್ಟಿಗೇ ಹೋಗುತ್ತವೆ. ಆದರೆ ಮನೆಗೊಬ್ಬರು ನೆನಪಿಟ್ಟುಕೊಳ್ಳಲೇಬೇಕು. ಅದು ನಿಯಮ, ಯಾಕೆಂದು ಯಾರೂ ಕೇಳುವುದಿಲ್ಲ.

"ನಿಮ್ಮನಿಯಾಗ ಯಾರು ಇಟ್ಕೋತೀರಿ?" ಎಂದಳು ನರ್ಸ್.

"ನನಗ ಅಂಗಡಿ ಐತಿ," ಎಂದ ಚನ್ನಬಸು. ಮಗಳು ಸ್ಫೂರ್ತಿಗೆ ಪರೀಕ್ಷೆ. ಸತ್ತ ನಾಯಿ ಬೂಂದಿಗಾಗಿ ಅತ್ತು ಅತ್ತು ಇಬ್ಬರ ಕಣ್ಣೂ ಊದಿದ್ದವು. ಬೂಂದಿಯ ಹಾಸಿಗೆ ಒಗೆದು, ಗುಂಡಿ ತೋಡಿಸಿ, ಮನೆ ತೊಳೆದ ಹೆಂಡತಿ ಸುವರ್ಣಾಳಿಗೆ ಅಳಲು ಪುರುಸೊತ್ತೇ ಸಿಕ್ಕಿರಲಿಲ್ಲ.

"ನೀ ಹೆಂಗೂ ಮನಿಯಾಗ ಇರ್ತಿ," ಎಂದು ಗಂಡ ಅವಳ ಕಡೆ ನೋಡಿದ.

ಅವಳು ಸಹಿ ಹಾಕಿದಳು.

ಮಧ್ಯಾಹ್ನ ಊಟ ಮುಗಿಸಿ, ದಿನದಂತೆ ರೊಟ್ಟಿಯ ಕೊನೆಯ ಚೂರು ಹಿಡಿದು ಹಿತ್ತಲ ಬಾಗಿಲಿಗೆ ನಡೆದಳು.

"ಅದ್ಯಾರಿಗವ್ವಾ?" ಸ್ಫೂರ್ತಿ ಕೇಳಿದಳು.

ಸುವರ್ಣಾ ತಡೆದು ನಿಂತಳು. "ಕಾಗಿಗೆ."

"ಅಪ್ಪಾ, ನಾವು ಒಮ್ಮಿನೂ ನಾಯಿ ಸಾಕಿಲ್ಲಲ್ಲ. ಒಂದು ಮರಿ ತರೋಣೇನು?"

"ತರೋಣಂತ. ನಿಮ್ಮವ್ವ ನೋಡ್ಕೋತಾಳ."

ಸುವರ್ಣಾ ಬೂಂದಿಯ ಬಟ್ಟಲು ತೊಳೆದು ಒರೆಸಿದಳು. ಅಟ್ಟದ ಮೂಲೆಯಲ್ಲಿ ಮೋತಿಯ ಬಟ್ಟಲಿತ್ತು, ಅದರ ಮೇಲೆ ಚಿನ್ನಿಯದು. ಅವುಗಳ ಮೇಲೆ ಇದನ್ನೂ ಬೋರಲಾಗಿ ಇಟ್ಟಳು. ಮೂರೂ ಹೆಸರು ಈಗ ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತು.