ಬಲಗೈಯ ಕೋತಿ

ಫೋನಿನ ಪರದೆಯಲ್ಲಿ ಮಗಳು ಮುಖ ತಿರುಗಿಸಿ ಕೂತಿದ್ದಳು. ಪಕ್ಕದಲ್ಲಿದ್ದ ಅಜ್ಜಿ ಎಷ್ಟು ಪುಸಲಾಯಿಸಿದರೂ ಜಪ್ಪಯ್ಯ ಅಂದರೂ ಅಮ್ಮನ ಕಡೆ ತಿರುಗಲಿಲ್ಲ. ಮಕ್ಕಳೆಲ್ಲ ಮನೆಗೆ ಹೋಗಿ ಬಿಕೋ ಎನ್ನುತ್ತಿದ್ದ ತನ್ನ ತರಗತಿಯಲ್ಲಿ ಕೂತಿದ್ದ ಅಮ್ಮ, ಬೇರೆ ದಾರಿ ಕಾಣದೆ, ಬಟ್ಟೆಯ ಕೋತಿಗೊಂಬೆಯನ್ನು ಕೈಗವಸಿನಂತೆ ಬಲಗೈಗೆ ತೊಟ್ಟಳು.

ಈ ಪರದೇಶದಲ್ಲಿ ಅವಳ ಅನ್ನ ಹುಟ್ಟುವುದೇ ಆ ಕೋತಿಯಿಂದ. ಹಸುವಿನ ಚಿತ್ರ ಹಿಡಿದು ಅವಳು ಇಂಗ್ಲಿಷಿನಲ್ಲಿ ಬೆಕ್ಕು ಎನ್ನಬೇಕು, ಕೋತಿ ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಬೇಕು, ಪುಟಾಣಿಗಳು ಬಿದ್ದು ಬಿದ್ದು ನಕ್ಕು ಸರಿಯಾದ ಪದ ಕೂಗಬೇಕು. ದಿನವಿಡೀ ಇದೇ ಆಟ. ಈಗೀಗ ಬಾಯಿ ತಪ್ಪು ನುಡಿದರೆ ಸಾಕು, ಮಣಿಕಟ್ಟು ಯಾರಿಂದಲೂ ಹೇಳಿಸಿಕೊಳ್ಳದೆ ತಾನೇ ತಿರುಗುತ್ತದೆ.

ಕೋತಿಯನ್ನು ಕಂಡು ಮಗಳು ಕಿಸಕ್ಕನೆ ನಕ್ಕು ಹತ್ತಿರ ಬಂದಳು. ಅಮ್ಮನಿಗೆ ಹೋದ ಜೀವ ಬಂದಂತಾಯಿತು.

"ಅಮ್ಮಾ, ಯಾವಾಗ ಬರ್ತೀಯಾ?"

ಇನ್ನೆರಡು ವರ್ಷ ಇಲ್ಲೇ ಇರುತ್ತೇನೆಂದು ಅವಳು ಶಾಲೆಗೆ ಸಹಿ ಹಾಕಿಕೊಟ್ಟದ್ದು ಆ ಬೆಳಿಗ್ಗೆಯೇ. ಅಜ್ಜಿಗೂ ಹೇಳಲು ಬಾಯಿ ಬಂದಿರಲಿಲ್ಲ.

"ಬರೋ ತಿಂಗಳು ಬಂದ್ಬಿಡ್ತೀನಿ, ಪುಟ್ಟೀ."

"ನೋಡಿದ್ಯಾ, ನಾನು ಹೇಳ್ಲಿಲ್ವಾ?" ಎಂದು ಅಜ್ಜಿ ಮೊಮ್ಮಗಳ ತಲೆ ಸವರಿದರು. ಮಗಳ ನಗು ಮಾತ್ರ ನಿಂತುಹೋಗಿತ್ತು. ಅವಳು ನೋಡುತ್ತಿದ್ದದ್ದು ಅಮ್ಮನ ಮುಖದ ಕಡೆಗಲ್ಲ, ಭುಜದ ಪಕ್ಕಕ್ಕೆ. ಅಲ್ಲಿ ಕೋತಿ ಎಡಕ್ಕೂ ಬಲಕ್ಕೂ ನಿಧಾನವಾಗಿ ತಲೆ ಅಲ್ಲಾಡಿಸುತ್ತಿತ್ತು.

"ನಂಗೊತ್ತಿತ್ತು," ಎಂದಳು ಮಗಳು, ಕೋತಿಗೆ.